ಚಾರ್ಟಿನ ಕೊನೆ ಸಾಲು ಓದುವ ಅಮ್ಮನಿಗೆ ಮೆಟ್ಟಿಲು ಯಾಕೆ ಕಾಣಲ್ಲ?

ಪ್ರಶ್ನೆ: ಅಮ್ಮನಿಗೆ 64 ವರ್ಷ. ಕಣ್ಣಿನ ಪರೀಕ್ಷೆಯಲ್ಲಿ 6/6 ಬಂದಿದೆ. ಆದರೂ ಸಂಜೆ ಹೊತ್ತು ಸಿಮೆಂಟ್ ಮೆಟ್ಟಿಲು ಇಳಿಯುವಾಗ ಎಡವುತ್ತಾರೆ, ಅಂಚೇ ಗೊತ್ತಾಗಲ್ಲ ಅಂತಾರೆ. ಅಷ್ಟು ಸಣ್ಣ ಅಕ್ಷರ ಓದುವವರಿಗೆ ಇಷ್ಟು ದೊಡ್ಡ ಮೆಟ್ಟಿಲು ಕಾಣದಿರೋದು ಹೇಗೆ?

ಉತ್ತರ: ಅಮ್ಮ ಸುಮ್ನೆ ಹೇಳುತ್ತಿಲ್ಲ. ಚಾರ್ಟಿನಲ್ಲಿ ಇರುವುದು ಬಿಳಿ ಮೇಲೆ ಕಡುಗಪ್ಪು ಅಕ್ಷರ. ಅದು ಎಷ್ಟು ಸಣ್ಣದಾದರೂ ಕಾಣುತ್ತದೆ ಅನ್ನುವುದನ್ನಷ್ಟೇ ಅಲ್ಲಿ ಅಳೆಯುತ್ತಾರೆ. ಬೂದು ಮೆಟ್ಟಿಲಿನ ಕೆಳಗೆ ಇನ್ನೊಂದು ಬೂದು ಮೆಟ್ಟಿಲು ಇದ್ದರೆ ಬೇಕಾಗುವುದು ಬೇರೆಯದು: ಸ್ವಲ್ಪವೇ ಇರುವ ವ್ಯತ್ಯಾಸ ಹಿಡಿಯುವ ಶಕ್ತಿ, ಅಂದರೆ ಕಾಂಟ್ರಾಸ್ಟ್ ಗುರುತಿಸುವುದು.

ಕೈ ನೀಟಾಗಿ ಮುಂದೆ ಚಾಚಿ ಕಿರುಬೆರಳು ನೋಡಿ. ಆ ಅಗಲದಲ್ಲಿ ಕಪ್ಪು-ಬಿಳಿ ಪಟ್ಟೆಗಳ ಮೂರರಿಂದ ಐದು ಜೊತೆ ಇದ್ದರೆ ನಮ್ಮ ಕಣ್ಣು ಅತಿ ಚುರುಕು. ಪಟ್ಟೆಗಳ ನಡುವಿನ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ ಇದ್ದರೂ, ಒಳ್ಳೆ ಬೆಳಕಲ್ಲಿ ಕಾಣುತ್ತದೆ. ಅಲ್ಲೇ 60 ಜೊತೆ ತುಂಬಿದರೆ ಕಡುಗಪ್ಪು ಪಟ್ಟೆಯೂ ಬರೀ ಬೂದು. 6/6 ಸಾಲಿನ ಅಕ್ಷರದ ಗೀಟುಗಳು ಸುಮಾರು 30 ಜೊತೆಯ ಲೆಕ್ಕಕ್ಕೆ ಬರುತ್ತವೆ. ಸಣ್ಣದು ಕಾಣದಿರುವುದು ಸರಿ, ಅದು ಎಲ್ಲರಿಗೂ ಗೊತ್ತು. ವಿಚಿತ್ರ ಏನಂದರೆ ಪಟ್ಟೆ ತುಂಬಾ ಅಗಲವಾದರೂ ಕಣ್ಣು ಮಂಕಾಗುತ್ತದೆ! ಕಣ್ಣಿನ ಒಳಪರದೆಯ ಕೋಶಗಳು ಅಕ್ಕಪಕ್ಕದ ಕೋಶಗಳ ಸಂಕೇತವನ್ನು ತಗ್ಗಿಸುತ್ತವೆ. ಹಾಗಾಗಿ ಥಟ್ಟನೆ ಬದಲಾಗುವ ಅಂಚು ಎದ್ದು ಕಾಣುತ್ತದೆ, ನಿಧಾನವಾಗಿ ಬದಲಾಗುವ ನೆರಳು ಜಾರಿಹೋಗುತ್ತದೆ. 1968ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳಾದ ಕ್ಯಾಂಪ್‌ಬೆಲ್ ಮತ್ತು ರಾಬ್ಸನ್ ಇಂಥ ಪಟ್ಟೆಗಳನ್ನೇ ತೋರಿಸಿ ಕಣ್ಣನ್ನು ಅಳೆದರು.

ಈ ವಯಸ್ಸಿಗೆ ಮೊದಲು ಅನುಮಾನ ಬರುವುದು ಶುರುವಿನ ಪೊರೆ ಮೇಲೆ. ಪೊರೆ ಬೆಳಕನ್ನು ಚೆದುರಿಸುತ್ತದೆ. ಮಂಜಿನಲ್ಲಿ ನೋಡಿದ ಹಾಗೆ: ಕಪ್ಪು ಅಕ್ಷರ ಉಳಿಯುತ್ತದೆ, ಮಸುಕು ಅಂಚು ಅಳಿಸಿಹೋಗುತ್ತದೆ. ಸಂಜೆ ಬೆಳಕು ಕಡಿಮೆಯಾದಾಗ ಯಾರ ಕಣ್ಣಿಗಾದರೂ ಈ ಶಕ್ತಿ ಕುಗ್ಗುತ್ತದೆ, ಅಮ್ಮನಿಗೆ ಎರಡೂ ಸೇರಿರಬಹುದು. ಆದರೆ ನೋಡದೆ ಪೊರೆಯೇ ಅನ್ನಲಾಗದು. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಒಳಪರದೆಯ ತೊಂದರೆಗಳಲ್ಲೂ ಹೀಗಾಗುತ್ತದೆ.

ಕಣ್ಣಿಗೆ ಹನಿ ಹಾಕಿ ಪೂರ್ತಿ ಪರೀಕ್ಷೆ ಮಾಡಿಸಿ. ಪೆಲ್ಲಿ-ರಾಬ್ಸನ್ ಚಾರ್ಟ್ ಇದೆಯಾ ಅಂತಲೂ ಕೇಳಿ. 1988ರಲ್ಲಿ ಬಂದದ್ದು. ಅದರಲ್ಲಿ ಅಕ್ಷರದ ಗಾತ್ರ ಒಂದೇ, ಮೂರು ಮೂರು ಅಕ್ಷರಕ್ಕೆ ಬಣ್ಣ ಮಾತ್ರ ಮಸುಕಾಗುತ್ತಾ ಹೋಗುತ್ತದೆ.

ಅಲ್ಲಿಯವರೆಗೆ ಪ್ರತಿ ಮೆಟ್ಟಿಲಿನ ಅಂಚಿಗೂ ಎರಡು ಬೆರಳಗಲ ಹಳದಿ ಪೇಂಟ್ ಬಳಿಸಿ, ಮೇಲೊಂದು ಬಲ್ಬ್ ಹಾಕಿಸಿ. ಅನ್ನ ಬಡಿಸುವುದಾದರೆ ಬಿಳಿ ತಟ್ಟೆಗಿಂತ ಬಾಳೆ ಎಲೆ ವಾಸಿ.