ಟ್ರ್ಯಾಕ್‌ನಲ್ಲಿ ಮಜಾ ಬೇಕಾದರೆ ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ?

ಹೊಸ ಕಾರು ಮ್ಯಾನ್ಯುಯಲ್ ಗೇರಿನದು ತಗೊಳ್ಳಲೋ ಆಟೋಮ್ಯಾಟಿಕ್ ತಗೊಳ್ಳಲೋ ಅಂತ ಒಬ್ಬರು ಕೇಳಿದ್ದಾರೆ. ಶಿವಮೊಗ್ಗದಲ್ಲಿ ಮನೆ, ಆಗಾಗ ಆಗುಂಬೆ ಇಳಿದು ಉಡುಪಿಗೆ ಓಡಾಟ, ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಹೋಗೋ ಆಸೆ, "ಯಾವುದು ಫಾಸ್ಟೋ ಅದನ್ನೇ ತಗೋತೀನಿ" ಅಂತ ಷರತ್ತು. ಒಂದು ಕಾಲಕ್ಕೆ ನಾನೂ ಇದನ್ನೇ ಕೇಳ್ತಿದ್ದೆ. ಆ ಷರತ್ತೊಂದನ್ನು ಬಿಟ್ಟುಬಿಡಿ ಮಾರಾಯ್ರೆ. ಫಾಸ್ಟ್ ಯಾವುದು ಅನ್ನೋ ಜಗಳ ಯಾವಾಗಲೋ ಮುಗಿದಿದೆ. 1989ರಲ್ಲಿ ಫೆರಾರಿ ಸ್ಟಿಯರಿಂಗ್ ಹಿಂದೆ ಗೇರ್ ಬದಲಿಸೋ ಪ್ಯಾಡಲ್ ಇಟ್ಟ ಫಾರ್ಮುಲಾ ಒನ್ ಕಾರು ತಂದು ಮೊದಲ ರೇಸನ್ನೇ ಗೆದ್ದಿತು. ಪೋರ್ಶೆ 911 ಜಿಟಿ3 ಸೊನ್ನೆಯಿಂದ 100 ಕಿ.ಮೀ. ವೇಗ ಮುಟ್ಟೋಕೆ ಆಟೋಮ್ಯಾಟಿಕ್‌ನಲ್ಲಿ 3.4 ಸೆಕೆಂಡ್ ಸಾಕು, ಮ್ಯಾನ್ಯುಯಲ್‌ಗೆ 3.9 ಬೇಕು. ಆದರೂ 2013ರಲ್ಲಿ ಆ ಕಾರಿಂದ ತೆಗೆದಿದ್ದ ಮ್ಯಾನ್ಯುಯಲ್ಲನ್ನು 2017ರಲ್ಲಿ ಮತ್ತೆ ಕೊಟ್ಟರು. ಅರ್ಧ ಸೆಕೆಂಡ್ ಹೋದರೆ ಹೋಗಲಿ ಅನ್ನೋ ಗಿರಾಕಿಗಳು ಇದ್ದೇ ಇದ್ದಾರೆ.

ಮಜಾ ಬೇಕು ಅಂದರೆ ನನ್ನ ಓಟು ಮ್ಯಾನ್ಯುಯಲ್‌ಗೆ. ಆದರೆ ಅದರ ಮಜಾ ಇರೋದು ಗೇರ್ ಇಳಿಸೋದರಲ್ಲಿ. ಕಾರು ನೇರ ಇರುವಾಗಲೇ ಗಟ್ಟಿ ಬ್ರೇಕ್ ಹಾಕಿ, ಮೊದಲು ವೇಗ ಇಳಿಯಲಿ. ಬಲಗಾಲಿನ ಮುಂಪಾದ ಬ್ರೇಕ್ ಮೇಲೇ ಇರಲಿ. ಕ್ಲಚ್ ಒತ್ತಿ, ಅದೇ ಪಾದದ ಬಲ ಅಂಚಿನಿಂದ ಆಕ್ಸಿಲರೇಟರ್‌ಗೆ ಒಂದು ಚಿಕ್ಕ ಏಟು ಕೊಟ್ಟು, ಕೆಳಗಿನ ಗೇರ್ ಹಾಕಿ ಕ್ಲಚ್ ಬಿಡಿ, ಆಮೇಲೆ ಸ್ಟಿಯರಿಂಗ್ ತಿರುಗಿಸಿ. ಆ ಏಟು ಕೊಡದೆ ಕ್ಲಚ್ ಬಿಟ್ಟರೆ ಎಂಜಿನ್ ಮುಂದಿನ ಚಕ್ರಗಳನ್ನು ಜಗ್ಗುತ್ತೆ. ಒದ್ದೆ ರಸ್ತೆಯಲ್ಲಿ ಮೂತಿ ತಿರುವು ಬಿಟ್ಟು ನೇರ ಜಾರುತ್ತೆ.

ಇನ್ನು ಎಂಜಿನ್ನೇ ಬಿಚ್ಚಿಸೋ ತಪ್ಪು. 3ರಿಂದ 4ಕ್ಕೆ ಹಾಕೋಕೆ ಹೋಗಿ 2ಕ್ಕೆ ಹಾಕೋದು. ಸಾಮಾನ್ಯ 5 ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ 2ನೇ ಗೇರಿನ ಅನುಪಾತ (ಗೇರ್‌ಬಾಕ್ಸ್‌ನಿಂದ ಹೊರಬರೋ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತಬೇಕು ಅನ್ನೋ ಲೆಕ್ಕ) ಸುಮಾರು 1.9, 3ನೇದು 1.28, 4ನೇದು 0.97. 3ರಲ್ಲಿ 6,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತೋ ಸುತ್ತು) ತನಕ ಎಳೆದು 4 ಹಾಕಿದರೆ ಮುಳ್ಳು 4,500ರ ಹತ್ತಿರ ಬರುತ್ತೆ. ಕೈತಪ್ಪಿ 2 ಬಿತ್ತೋ, 6,000ವನ್ನು 1.9ರಿಂದ ಗುಣಿಸಿ 1.28ರಿಂದ ಭಾಗಿಸಿ: 8,900. ಎಂಜಿನ್ ಮಿತಿ ಮೀರಿ ಸುತ್ತದಂತೆ ತಡೆಯೋ ರೆವ್ ಲಿಮಿಟರ್ ಇದೆಯಲ್ಲ ಅನ್ನಬೇಡಿ. ಅದು ಪೆಟ್ರೋಲ್ ನಿಲ್ಲಿಸಬಲ್ಲದು ಅಷ್ಟೇ. ಇಲ್ಲಿ ಎಂಜಿನ್ನನ್ನು ತಿರುಗಿಸ್ತಿರೋದು ಪೆಟ್ರೋಲ್ ಅಲ್ಲ, ಚಕ್ರ. ಅಷ್ಟು ವೇಗಕ್ಕೆ ವಾಲ್ವ್ ಸ್ಪ್ರಿಂಗ್‌ಗಳು ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರವು, ಮೇಲೆ ಬಂದ ಪಿಸ್ಟನ್ ಅದಕ್ಕೆ ಬಡಿಯುತ್ತೆ, ವಾಲ್ವ್ ಬಾಗುತ್ತೆ. ಎಂಜಿನ್ ಕಿರುಚಿದ ತಕ್ಷಣ ಕ್ಲಚ್ ಒತ್ತಿ, ಪಕ್ಕಕ್ಕೆ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡೋ ಆಸೆ ಬೇಡ. ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಆಗಲಿ. ಒಂದು ಸಿಲಿಂಡರ್‌ನಲ್ಲಿ ಕಡಿಮೆ ಬಂತು ಅಂದರೆ ವಾಲ್ವ್‌ಗಳಿರೋ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸಲೇಬೇಕು.

ಇದಕ್ಕೆ ಕಾರಣ ಗೇರ್ ನಾಬನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯೋದು. ತಿರುವಿನಲ್ಲಿ ಮೈ ವಾಲುತ್ತೆ, ಮೈ ಜೊತೆ ಕೈ, ಕೈ ಜೊತೆ ರಾಡ್. ನಿಂತ ಕಾರಲ್ಲಿ ನ್ಯೂಟ್ರಲ್ ಮಾಡಿ ಕೈ ಬಿಟ್ಟು ನೋಡಿ, ರಾಡ್ ತಾನಾಗಿ 3-4ರ ಸಾಲಿಗೆ ಬಂದು ನಿಲ್ಲುತ್ತೆ. ಆ ಸ್ಪ್ರಿಂಗ್ ತನ್ನ ಕೆಲಸ ಮಾಡೋಕೆ ಬಿಡಿ. ನಮ್ಮ ಕಾರುಗಳಲ್ಲಿ 1-2ರ ಸಾಲು ಎಡಕ್ಕೆ, ಪಕ್ಕದ ಸೀಟಿನ ಕಡೆ. ಹಾಗಾಗಿ 3ರಿಂದ 4ಕ್ಕೆ ಹಾಕುವಾಗ ಎಡ ಅಂಗೈಯನ್ನು ನಾಬ್‌ನ ಎಡಬದಿಗೆ ಇಟ್ಟು, ಹೆಬ್ಬೆರಳು ಮೇಲಿದ್ದು, ಬೆರಳಿನಿಂದ ನೇರ ಹಿಂದಕ್ಕೆ ಎಳೆಯಿರಿ. ಹೀಗೆ ಹಿಡಿದ ಕೈಗೆ ರಾಡನ್ನು ಎಡಕ್ಕೆ ತಳ್ಳೋಕೆ ಆಗೋದೇ ಇಲ್ಲ. 3ರಿಂದ 2ಕ್ಕೆ ಮಾತ್ರ ಅಂಗೈ ನಾಬ್‌ನ ಬಲಬದಿಗೆ, ಹೆಬ್ಬೆರಳು ಕೆಳಗೆ. ಮನೆ ಮುಂದೆ ಎಂಜಿನ್ ಆಫ್ ಮಾಡಿ ಕೂತು, ಕಣ್ಣು ಮುಚ್ಚಿಕೊಂಡು ಇದನ್ನೇ ರೂಢಿ ಮಾಡಿ. ಎಂಜಿನ್ನನ್ನು ಹಿಡಿದಿಡೋ ಎಂಜಿನ್ ಮೌಂಟ್ ಸವೆದಿದ್ದರೆ ಟ್ರ್ಯಾಕ್‌ಗೆ ಮುಂಚೆ ಬದಲಾಯಿಸಿ. ಎಂಜಿನ್ ಅಲ್ಲಾಡಿದರೆ ಗೇರ್ ಸಾಲು ಸಿಗೋದೂ ತಪ್ಪುತ್ತೆ.

ಆಟೋಮ್ಯಾಟಿಕ್‌ನ ನಿಜವಾದ ಲಾಭ ಇಲ್ಲಿದೆ. ನೀವು ತಪ್ಪು ಗೇರ್ ಕೇಳಿದರೆ ಅದರ ಕಂಪ್ಯೂಟರ್ ಹಾಕೋದೇ ಇಲ್ಲ. ಮೇಲಿನದನ್ನೆಲ್ಲ ಕಲಿಯೋ ತಾಳ್ಮೆ ಇಲ್ಲ ಅಂದರೆ ಡಿಸಿಟಿ (ಎರಡು ಕ್ಲಚ್ ಇರೋ ಆಟೋಮ್ಯಾಟಿಕ್) ತಗೊಳ್ಳಿ, ನಾಚಿಕೆ ಏನಿಲ್ಲ. ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸೋದು) ಮತ್ತು ಸಿವಿಟಿ (ಬೆಲ್ಟಿನ ಆಟೋಮ್ಯಾಟಿಕ್) ಟ್ರ್ಯಾಕ್‌ಗೆ ಬೇಡವೇ ಬೇಡ. ಎಎಂಟಿ ಪ್ರತಿ ಗೇರಿಗೂ ಜಗ್ಗಿ ನಿಮ್ಮ ತಲೆ ಆಡಿಸುತ್ತೆ, ಸಿವಿಟಿಯಲ್ಲಿ ಬದಲಿಸೋಕೆ ಗೇರೇ ಇಲ್ಲ. ಹ್ಯುಂಡೈ ಐ20 ಎನ್ ಲೈನ್, ಫೋಕ್ಸ್‌ವ್ಯಾಗನ್ ವರ್ಟಸ್ 1.5 ಎರಡಕ್ಕೂ 7 ಗೇರಿನ ಡಿಸಿಟಿ ಬಂದಿದೆ, 6 ಗೇರಿನ ಮ್ಯಾನ್ಯುಯಲ್ಲೂ ಬಂದಿದೆ. ಎರಡರ ಡಿಸಿಟಿಯೂ ಡ್ರೈ ಕ್ಲಚ್ಚಿನದು, ಅಂದರೆ ಕ್ಲಚ್ ತಣಿಸೋಕೆ ಎಣ್ಣೆ ಇಲ್ಲ, ತೆವಳೋದು ಅದಕ್ಕೆ ಆಗಿಬರಲ್ಲ. ಆಗುಂಬೆಯ 14 ತಿರುವು ಹತ್ತುವಾಗ ಮಿನಿ ಬಸ್ಸಿನ ಬಾಲ ಹಿಡಿದು ಇಂಚಿಂಚು ಸರಿಯಬೇಡಿ. ಜಾಗ ಬಿಟ್ಟು ನಿಂತು, ಆಮೇಲೆ ಒಂದೇ ಸಲ ಹೊರಡಿ. ಇಳಿಯುವಾಗ ಡಿ ಬೇಡ, ಮ್ಯಾನ್ಯುಯಲ್ ಮೋಡ್‌ನಲ್ಲಿ 2ನೇ ಗೇರ್.

ಯಾವುದೇ ತಗೊಂಡರೂ ಟ್ರ್ಯಾಕ್‌ಗೆ ಮುಂಚೆ ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಲ್ಲ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ತೇವ ಹೀರೋದು ಅದರ ಗುಣ, ನಮ್ಮ ಮಳೆಗಾಲ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಒಳಗೆ ಕುದೀತಿದೆ ಅಂತಲೇ ಅರ್ಥ. ಒಂದು ಸುತ್ತು ನಿಧಾನ ಓಡಿಸಿ ತಣಿಸಿ ಒಳಗೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಬ್ರೇಕ್ ಹಿಡಿದುಕೊಳ್ಳುತ್ತೆ. ಮ್ಯಾನ್ಯುಯಲ್ ಆದರೆ ಗೇರ್‌ನಲ್ಲಿ, ಆಟೋಮ್ಯಾಟಿಕ್ ಆದರೆ ಪಿ (ಪಾರ್ಕ್) ನಲ್ಲಿ ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಡಿ.