ಬೆದೆ ಮುಗಿದಿದೆ, ಈಗ ಆಪರೇಷನ್ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಹೆಣ್ಣು ಲ್ಯಾಬ್ರಡಾರ್‌ಗೆ 14 ತಿಂಗಳು. ಹೋದ ತಿಂಗಳು ಮೊದಲ ಸಲ ಬೆದೆಗೆ ಬಂದಿತ್ತು. ಮರಿ ಮಾಡಿಸುವ ಯೋಚನೆ ನಮಗಿಲ್ಲ. ಆದರೆ ಒಮ್ಮೆಯೂ ಮರಿ ಹಾಕದೆ ಸಂತಾನಹರಣ ಆಪರೇಷನ್ ಮಾಡಿಸಿದರೆ ನಾಯಿಯ ಆರೋಗ್ಯ ಕೆಡುತ್ತದೆ ಎನ್ನುತ್ತಾರೆ ಅತ್ತೆ. ಹೊಸಬರನ್ನು ಕಂಡರೆ ಅದು ಹೆದರಿ ಗುರುಗುಟ್ಟುತ್ತದೆ. ಆಪರೇಷನ್ ಆದರೆ ಅದೂ ಸರಿಹೋಗುತ್ತದೆಯೇ?

ಉತ್ತರ: ಖಂಡಿತ ಮಾಡಿಸಿ, ಆದರೆ ಈ ತಿಂಗಳೇ ಬೇಡ. ಬೆದೆ ಮುಗಿದ ಮೇಲೆ ಗರ್ಭ ನಿಲ್ಲದಿದ್ದರೂ ಸುಮಾರು ಎರಡು ತಿಂಗಳು ಪ್ರೊಜೆಸ್ಟೆರಾನ್ ಹಾರ್ಮೋನ್ ದೇಹದಲ್ಲಿ ಏರಿಯೇ ಇರುತ್ತದೆ. ಆಗ ಕೆಲವು ನಾಯಿಗಳಿಗೆ ಮೊಲೆ ಊದಿ ಹಾಲೂ ಬರುತ್ತದೆ, ಗೊಂಬೆಯನ್ನೇ ಮರಿಯೆಂದು ಕಾಯುತ್ತಾ ಕೂರುತ್ತವೆ. ಆ ಹೊತ್ತಿನಲ್ಲಿ ಆಪರೇಷನ್ ಮಾಡಿದರೆ ಈ ಲಕ್ಷಣಗಳು ಬೇಗ ಹೋಗದೆ ಕಾಡಬಹುದು. ಬೆದೆ ಮುಗಿದು ಎರಡು–ಮೂರು ತಿಂಗಳು ಕಳೆಯಲಿ. ಒಂದು ವರ್ಷ ದಾಟಿಸಿದ್ದು ಒಳ್ಳೆಯದೇ ಆಯಿತು, ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳಲ್ಲಿ ತೀರಾ ಎಳೆಯ ವಯಸ್ಸಿನ ಆಪರೇಷನ್‌ನಿಂದ ಕೀಲುಗಳ ತೊಂದರೆ ಹೆಚ್ಚುವುದುಂಟು.

ನಿಮ್ಮ ಅತ್ತೆಯವರಿಗೆ ನಾಯಿಯ ಮೇಲಿನ ಅಕ್ಕರೆ ದೊಡ್ಡದು, ಆದರೆ ಮರಿ ಹಾಕಿದರೆ ಆರೋಗ್ಯ ಸುಧಾರಿಸುತ್ತದೆ ಎಂಬುದು ನಿಜವಲ್ಲ. ಆಪರೇಷನ್ ಮಾಡಿಸದೆ ಬಿಟ್ಟಾಗ ನನಗೆ ಹೆಚ್ಚು ಭಯ ಹುಟ್ಟಿಸುವುದು ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ. ಸಾಮಾನ್ಯವಾಗಿ ಬೆದೆಯಾದ ಕೆಲವು ವಾರಗಳಲ್ಲಿ, ವಯಸ್ಸಾದಂತೆ ಹೆಚ್ಚಾಗಿ ಬರುತ್ತದೆ. ನಾಯಿ ಮಂಕಾಗಿ, ಊಟ ಬಿಟ್ಟು, ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಒಂದು ಹನಿ ಕೀವೂ ಕಾಣದು, ಅದೇ ಹೆಚ್ಚು ಅಪಾಯಕಾರಿ. ಆಪರೇಷನ್ ಆಗುವವರೆಗೆ ಈ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯದೆ ವೈದ್ಯರ ಬಳಿಗೆ ಓಡಿ. ಸ್ತನದ ಗಡ್ಡೆಯ ಅಪಾಯವೂ ಪ್ರತಿ ಬೆದೆಗೆ ಏರುತ್ತದೆ, ಹಾಗಾಗಿ ಮುಂದಿನದಕ್ಕೆ ಬಿಡಬೇಡಿ.

ಇನ್ನೊಂದು ಮುಖವನ್ನೂ ಹೇಳಬೇಕು. ಕೆಲವು ನಾಯಿಗಳಿಗೆ, ಅದರಲ್ಲೂ ದೊಡ್ಡ ತಳಿಯವಕ್ಕೆ, ಮುಂದೆ ನಿದ್ದೆಯಲ್ಲಿ ಮೂತ್ರ ಸೋರಬಹುದು. ಅದಕ್ಕೆ ಔಷಧವಿದೆ. ಆಪರೇಷನ್ ನಂತರ ಮೈಗೆ ಬೇಕಾಗುವ ಆಹಾರ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಲ್ಯಾಬ್ರಡಾರ್ ಹೇಗೂ ತಿಂಡಿಪೋತ, ಊಟ ಅಳೆದೇ ಹಾಕಿ.

ಹೆದರಿಕೆ ಮಾತ್ರ ಆಪರೇಷನ್‌ನಿಂದ ಹೋಗುವುದಿಲ್ಲ, ಕೆಲವದರಲ್ಲಿ ಹೆಚ್ಚಲೂಬಹುದು. ಅದಕ್ಕೆ ತರಬೇತಿಯೇ ದಾರಿ, ಇವತ್ತೇ ಶುರುಮಾಡಿ. ಬಂದವರು ದೂರದಲ್ಲೇ ನಿಂತು, ಕಣ್ಣಲ್ಲಿ ಕಣ್ಣಿಡದೆ ತಿಂಡಿ ಎಸೆಯಲಿ. ಹತ್ತಿರ ಹೋಗಬೇಕೋ ಬೇಡವೋ ಎಂಬುದನ್ನು ನಾಯಿಗೇ ಬಿಡಿ. ಗುರುಗುಟ್ಟಿದರೆ ಗದರಬೇಡಿ, ಅಂತರ ಹೆಚ್ಚಿಸಿ.