ಕೆಟಲ್ ಗ್ರಿಲ್‌ಗೆ ಯಾವ ಪೇಂಟ್?

ಕಾರವಾರದ ಉಪ್ಪುಗಾಳಿಗೆ ಕೆಟಲ್ ಗ್ರಿಲ್‌ನ (ಇದ್ದಲಿನಲ್ಲಿ ಮೀನು, ಮಾಂಸ ಸುಡುವ, ಮುಚ್ಚಳವಿರುವ ದುಂಡು ಒಲೆ) ಮುಚ್ಚಳ ತುಕ್ಕು ಹಿಡಿದಿದೆ, ಗೇಟಿಗೆ ಬಳಿದು ಉಳಿದ ಪೇಂಟ್ ಹೊಡೆಯಬಹುದೇ, ಮುಚ್ಚಳಕ್ಕೆ ಥರ್ಮಾಮೀಟರ್ ಕೂರಿಸಬಹುದೇ ಎಂದು ಕೇಳಿದ್ದೀರಿ. ಗೇಟಿನ ಪೇಂಟ್ ಖಂಡಿತ ಬೇಡ. ಇದ್ದಲಿನ ಕಾವಿಗೆ ಅದು ಗುಳ್ಳೆಯೆದ್ದು ಹೊಗೆ ಬಿಡುತ್ತದೆ. ಡಬ್ಬಿಯ ಮೇಲೆ 600 ಡಿಗ್ರಿ ಸೆಲ್ಸಿಯಸ್ ಎಂದಿರುವ, ಕಾವು ತಡೆಯುವ ಹೈ ಹೀಟ್ ಸ್ಪ್ರೇ ಪೇಂಟ್ ತನ್ನಿ. ಹೊರಮೈಗೆ ಮಾತ್ರ. ಒಳಗೆ ಒಂದು ಹನಿಯೂ ಬೀಳಬಾರದು.

ಪೇಂಟ್ ಏಳುವುದು ಹೆಚ್ಚಾಗಿ ತಯಾರಿ ಸಾಲದೆ. ಕಂಪನಿಯ ಹೊಳಪು ಲೇಪ ಗಾಜಿನಂಥದ್ದು, ಅದರ ಮೇಲೆ ಹಿಡಿತ ಸಿಗುವುದಿಲ್ಲ. ಮೊದಲು ಸೋಪುನೀರಲ್ಲಿ ಜಿಡ್ಡು ತೆಗೆಯಿರಿ. ತುಕ್ಕಿದ್ದಲ್ಲಿ 80 ನಂಬರ್ ಪಾಲಿಶ್ ಪೇಪರಿನಿಂದ ಬಿಳಿ ಲೋಹ ಕಾಣುವವರೆಗೆ, ಉಳಿದೆಡೆ 220ರಿಂದ ಹೊಳಪು ಹೋಗುವವರೆಗೆ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಉಜ್ಜಿದ ದಿನವೇ ಪೇಂಟ್ ಆಗಬೇಕು. ನಮ್ಮ ಕರಾವಳಿಯಲ್ಲಿ ಬರಿ ಕಬ್ಬಿಣ ರಾತ್ರಿ ಕಳೆದರೆ ಮತ್ತೆ ಕೆಂಪಾಗುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಡಿಸೆಂಬರ್–ಜನವರಿಯ ಒಣ ಮಧ್ಯಾಹ್ನ ಒಳ್ಳೆಯದು.

ಒಂದಡಿ ದೂರದಿಂದ ತೆಳುವಾಗಿ ಮೂರು ಕೋಟ್, ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಬಿಡುವು. ಪೂರ್ತಿ ಒಣಗಿದ ಮೇಲೆ ಸ್ವಲ್ಪವೇ ಇದ್ದಲು ಹಾಕಿ ಅರ್ಧ ಗಂಟೆ ಕಾಯಿಸಿ, ಆರಲು ಬಿಡಿ. ಮತ್ತೆ ಎರಡು ಸಲ ಕಾವು ಏರಿಸುತ್ತ ಹೋಗಿ. ಆಗಲೇ ಪೇಂಟ್ ಗಟ್ಟಿಯಾಗುವುದು. ಈ ಸುತ್ತುಗಳಲ್ಲಿ ವಾಸನೆ ಬರುತ್ತದೆ, ಬಂಗಡೆ ಇಡಬೇಡಿ.

ಥರ್ಮಾಮೀಟರ್ ಕೂರಿಸಬಹುದು, ಅದರ ತೂತು ಪೇಂಟಿಗೆ ಮೊದಲೇ ಕೊರೆಯಿರಿ. ಟೇಪ್ ಅಂಟಿಸಿ ನಿಧಾನ ವೇಗದಲ್ಲಿ ಕೊರೆದರೆ ಲೇಪ ಸಿಡಿಯುವುದು ಕಡಿಮೆ. ನಟ್ಟು ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಕಡಲ ಗಾಳಿಗೆ 304 ದರ್ಜೆಗಿಂತ ಅದು ಹೆಚ್ಚು ಬಾಳುತ್ತದೆ. ಜಿಂಕ್ ಲೇಪದ್ದು ಬೆಂಕಿಯ ಹತ್ತಿರ ಬೇಡ, ಅತಿ ಕಾದರೆ ವಿಷದ ಹೊಗೆ.